ಬೆಂಕಿ ಆರಿಸುವ ನೀರು ಛಾವಣಿಯಲ್ಲೇ ಸಿದ್ಧವಿರಲಿ

ಮಾನ್ಯ ಸಂಪಾದಕರಿಗೆ,

2025ರ ಮೇ 18ರ ನಸುಕಿನಲ್ಲಿ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಪ್ರದೇಶದಲ್ಲಿ ಟವೆಲ್ ನೇಯುವ ಕಾರಖಾನೆಯೊಂದಕ್ಕೆ ಬೆಂಕಿ ಬಿದ್ದು 8 ಜನ ಪ್ರಾಣ ಕಳೆದುಕೊಂಡರು. ಕಾರಖಾನೆಯ ಮಾಲೀಕರು, ಅವರ ಮನೆಯವರು, ಅಲ್ಲಿಯೇ ವಾಸವಿದ್ದ ಕಾರ್ಮಿಕರು ಅವರಲ್ಲಿದ್ದರು. ಒಂದು ಪುಟ್ಟ ಮಗುವೂ ಇತ್ತು. ಅಗ್ನಿಶಾಮಕ ದಳದವರು ಗಂಟೆಗಟ್ಟಲೆ ಹೋರಾಡಿದರೂ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕಿನ ಕನ್ನಡ ಮಾತನಾಡುವ ಎಷ್ಟೋ ಹಳ್ಳಿಗಳ ಜನ ಆ ರಸ್ತೆಯ ಕಾರಖಾನೆಗಳಲ್ಲಿ ದುಡಿಯುತ್ತಾರೆ. ನೂಲಿನ ಗಿರಣಿಯೊಂದರ ಮೆಂಟೆನನ್ಸ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿರುವ ನಾನೂ ಅಂಥದೇ ಒಂದು ಹಳ್ಳಿಯವನು. ಆ ದುರಂತದ ನಂತರ ನಡೆದ ಚರ್ಚೆಯಲ್ಲಿ ಯಾರೂ ಎತ್ತದೆ ಬಿಟ್ಟ ಒಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದೆಯೂ ಅಧಿಕಾರಿಗಳ ಮುಂದೆಯೂ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯವೇ ಅಷ್ಟು ಮಾತನ್ನು ಬೇಡುತ್ತದೆ.

ಬೆಂಕಿ ಹೇಗೆ ಹತ್ತಿತು, ಶಾರ್ಟ್ ಸರ್ಕಿಟ್ಟೋ ಇನ್ನೊಂದೋ, ಗಾಡಿಗಳು ಎಷ್ಟು ಬಂದವು, ಎಷ್ಟು ಹೊತ್ತಿಗೆ ಬಂದವು ಎಂಬ ಪ್ರಶ್ನೆಗಳು ಎಲ್ಲ ಕಡೆಯೂ ಕೇಳಿಬಂದವು. ಅವು ಕೇಳಬೇಕಾದ ಪ್ರಶ್ನೆಗಳೇ. ಆದರೆ ಹತ್ತಿ, ನೂಲು, ವಿದ್ಯುತ್ತು ಮತ್ತು ಹಗಲಿರುಳು ತಿರುಗುವ ಯಂತ್ರಗಳು ಒಂದೇ ಸೂರಿನಡಿ ಇರುವಲ್ಲಿ ಬೆಂಕಿ ಒಂದಲ್ಲ ಒಂದು ದಿನ ಹತ್ತಿಯೇ ಹತ್ತುತ್ತದೆ ಎಂದು ಭಾವಿಸಿಕೊಂಡೇ ಕಟ್ಟಡವನ್ನು ಕಟ್ಟಬೇಕು. ಹಾಗೆ ಹತ್ತಿದ ಬೆಂಕಿಯನ್ನು ಮೊದಲ ಕೆಲವು ನಿಮಿಷಗಳಲ್ಲಿ, ಯಾರೂ ಎಚ್ಚರವಿಲ್ಲದಿದ್ದರೂ, ತಾನೇ ಅದುಮಿ ಹಿಡಿಯುವ ವ್ಯವಸ್ಥೆ ಕಟ್ಟಡದೊಳಗೆ ಇದೆಯೋ ಇಲ್ಲವೋ ಎಂಬುದನ್ನೇ ನಾವು ಮೊದಲು ಕೇಳಬೇಕಾಗಿದೆ. ಇಂಥ ವ್ಯವಸ್ಥೆಗೆ ಸ್ಥಿರ ಅಗ್ನಿಶಾಮಕ ವ್ಯವಸ್ಥೆ ಎನ್ನುತ್ತಾರೆ. ಛಾವಣಿಯ ಕೆಳಗೆ ಹಾಯ್ದ, ಬೆಂಕಿಯ ಮೇಲೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಪೈಪುಗಳು, ವಿದ್ಯುತ್ ಪ್ಯಾನೆಲ್ ಕೋಣೆಯ ಗ್ಯಾಸ್ ಸಿಲಿಂಡರುಗಳು, ಎಣ್ಣೆಯ ಟ್ಯಾಂಕಿನ ಮೇಲಿನ ಫೋಮ್ (ಬೆಂಕಿ ಆರಿಸುವ ನೊರೆ) ಪೈಪುಗಳು, ದೊಡ್ಡ ಟ್ರಾನ್ಸ್‌ಫಾರ್ಮರಿನ ಸುತ್ತಲಿನ ನೀರಿನ ನಾಜಲುಗಳು, ಇವೆಲ್ಲ ಅದರ ಬಗೆಗಳು.

ನಮ್ಮ ಬಹುಪಾಲು ಸಣ್ಣ ಕಾರಖಾನೆಗಳಲ್ಲಿ ಬೆಂಕಿಯ ಸಿದ್ಧತೆ ಎಂದರೆ ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರ್, ಹೆಚ್ಚೆಂದರೆ ಮರಳು ತುಂಬಿದ ನಾಲ್ಕು ಬಕೆಟ್ಟು. ಅವು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ 6 ಕಿಲೋ ಪುಡಿಯ ಸಿಲಿಂಡರ್ ಒಮ್ಮೆ ಒತ್ತಿದರೆ ಅರ್ಧ ನಿಮಿಷದೊಳಗೆ ಬರಿದಾಗುತ್ತದೆ, ಮತ್ತು ಅದನ್ನು ಒತ್ತಲು ಎಚ್ಚರವಿರುವ, ಕಲಿತಿರುವ, ಧೈರ್ಯವಿರುವ ಒಬ್ಬ ಮನುಷ್ಯ ಬೆಂಕಿಯ ಹತ್ತಿರವೇ ನಿಂತಿರಬೇಕು. ನಸುಕಿನ ಹೊತ್ತಿನಲ್ಲಿ, ಕೆಳಗೆ ಮಗ್ಗ, ಮೇಲೆ ಮನೆ ಇರುವ ಕಟ್ಟಡದಲ್ಲಿ ಆ ಮನುಷ್ಯನನ್ನು ಎಲ್ಲಿಂದ ತರುವುದು? ಮಗ್ಗದ ಶೆಡ್ಡಿನಲ್ಲಿ ಹತ್ತಿಯ ಎಳೆಧೂಳು ಕೇಬಲ್ ಟ್ರೇಗಳ ಮೇಲೆ, ತೊಲೆಗಳ ಮೇಲೆ, ಲೈಟುಗಳ ಮೇಲೆ ಪದರಪದರವಾಗಿ ಕೂತಿರುತ್ತದೆ. ಒಂದು ಮೂಲೆಯಲ್ಲಿ ಕಿಡಿ ತಗುಲಿದರೆ ಜ್ವಾಲೆ ಆ ಧೂಳಿನ ಮೇಲೆಯೇ ಓಡಿ, ನೋಡನೋಡುತ್ತಿರುವಂತೆ ಇನ್ನೊಂದು ಮೂಲೆಗೆ ತಲುಪುತ್ತದೆ. ಮೇಲೆ ಮಲಗಿದವರನ್ನು ಬೆಂಕಿಗಿಂತ ಮೊದಲು ಮುಟ್ಟುವುದು ಹೊಗೆ. ಹತ್ತಿ ಕುಮುಲಿ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ; ಅಕ್ರಿಲಿಕ್ ನೂಲು ಇದ್ದರಂತೂ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷಾನಿಲವೂ ಸೇರಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರಾಗುವ ಮೊದಲೇ ಪ್ರಜ್ಞೆ ಹೋಗಿರುತ್ತದೆ.

ಸ್ಪ್ರಿಂಕ್ಲರ್ ಎಂದೊಡನೆ ಅದು ಮುಂಬೈ, ಬೆಂಗಳೂರಿನ ಗಾಜಿನ ಕಟ್ಟಡಗಳಿಗೂ ಮಾಲುಗಳಿಗೂ ಸೇರಿದ ವೈಭವವೆಂದು ನಮ್ಮ ಕಡೆಯ ಮಾಲೀಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಬೆಳೆದು ಬಂದದ್ದೇ ಬಟ್ಟೆಯ ಗಿರಣಿಗಳ ಬೆಂಕಿಯ ನಡುವೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಜವಳಿ ಗಿರಣಿಗಳು ಛಾವಣಿಗೆ ತೂತು ಕೊರೆದ ಪೈಪುಗಳನ್ನು ಕಟ್ಟಿ, ಬೆಂಕಿ ಬಿದ್ದಾಗ ಕೈಯಿಂದ ವಾಲ್ವ್ ತಿರುಗಿಸಿ ಇಡೀ ಅಂತಸ್ತನ್ನು ತೋಯಿಸುತ್ತಿದ್ದವು. 1874ರಲ್ಲಿ ಹೆನ್ರಿ ಪಾರ್ಮಲೀ ಎಂಬ ಪಿಯಾನೋ ತಯಾರಕರು ತಮ್ಮ ಕಾರಖಾನೆಯನ್ನು ಉಳಿಸಿಕೊಳ್ಳಲು, ಶಾಖಕ್ಕೆ ತಾನಾಗಿಯೇ ತೆರೆಯುವ ಸ್ಪ್ರಿಂಕ್ಲರನ್ನು ರೂಪಿಸಿದರು. ಮುಂದೆ ಫ್ರೆಡರಿಕ್ ಗ್ರಿನೆಲ್ ಅದನ್ನು ಸುಧಾರಿಸಿದರು. ಇಂಗ್ಲೆಂಡಿನ ಲ್ಯಾಂಕಷೈರ್‌ನ ಹತ್ತಿ ಗಿರಣಿಗಳು ತಮ್ಮ ಎತ್ತರದ ಗೋಪುರಗಳಲ್ಲಿ ಸ್ಪ್ರಿಂಕ್ಲರಿಗೆಂದೇ ನೀರಿನ ಟ್ಯಾಂಕುಗಳನ್ನು ಇಟ್ಟವು. ನೂಲು ಮತ್ತು ಬಟ್ಟೆಯ ಕಸುಬಿನವರು ಸುಟ್ಟುಕೊಂಡು ಕಂಡುಕೊಂಡ ಉಪಾಯ ಒಂದೂವರೆ ಶತಮಾನದ ನಂತರವೂ ಚಾದರ ಮತ್ತು ಟವೆಲಿಗೆ ದೇಶದಲ್ಲೇ ಹೆಸರಾದ, ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸೊಲ್ಲಾಪುರದ ಸಣ್ಣ ಶೆಡ್ಡುಗಳಿಗೆ ಬಂದು ತಲುಪಿಲ್ಲವೆಂಬುದು ನನಗೆ ತುಂಬ ನೋವಿನ ಸಂಗತಿ.

ಸ್ಪ್ರಿಂಕ್ಲರ್ ಕೆಲಸ ಮಾಡುವ ರೀತಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳವಿದೆ. ಸಿನಿಮಾದಲ್ಲಿ ತೋರಿಸುವಂತೆ ಒಂದು ಕಡೆ ಹೊಗೆ ಎದ್ದರೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುತ್ತದೆ, ಸರಕೆಲ್ಲ ಹಾಳಾಗುತ್ತದೆ ಎಂದು ಮಾಲೀಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಸಾಮಾನ್ಯ ಸ್ಪ್ರಿಂಕ್ಲರ್ ಹೊಗೆಗೆ ತೆರೆಯುವುದಿಲ್ಲ, ಶಾಖಕ್ಕೆ ಮಾತ್ರ ತೆರೆಯುತ್ತದೆ. ಪ್ರತಿ ಸ್ಪ್ರಿಂಕ್ಲರ್ ಹೆಡ್ಡಿನಲ್ಲಿ, ಅಂದರೆ ನೀರು ಚಿಮ್ಮುವ ತುದಿಯಲ್ಲಿ, ದ್ರವ ತುಂಬಿದ ಒಂದು ಸಣ್ಣ ಗಾಜಿನ ಬಲ್ಬು ನೀರಿನ ಬಾಯಿಯನ್ನು ಅದುಮಿ ಹಿಡಿದಿರುತ್ತದೆ. ಕೆಳಗೆ ಬೆಂಕಿ ಎದ್ದು ಬಿಸಿಗಾಳಿ ಛಾವಣಿಗೆ ಏರಿದಾಗ, ನಿಗದಿಯಾದ ಉಷ್ಣತೆಗೆ ದ್ರವ ಹಿಗ್ಗಿ ಬಲ್ಬು ಒಡೆಯುತ್ತದೆ, ಆ ಹೆಡ್ ಒಂದೇ ತೆರೆಯುತ್ತದೆ. ಪಕ್ಕದ ಹೆಡ್ಡಿಗೂ ಅಷ್ಟೇ ಬಿಸಿ ತಟ್ಟಿದರೆ ಮಾತ್ರ ಅದು ತೆರೆಯುತ್ತದೆ. ಹೀಗಾಗಿ ನೀರು ಬೀಳುವುದು ಬೆಂಕಿ ಇರುವ ಜಾಗಕ್ಕೆ ಮಾತ್ರ. ಇದಕ್ಕೆ ವಿದ್ಯುತ್ ಸೆನ್ಸರೂ ಬೇಡ, ಯಾರ ಅಪ್ಪಣೆಯೂ ಬೇಡ. ನೀರು ಹರಿಯತೊಡಗಿದೊಡನೆ, ಆ ಹರಿವಿನ ಬಲದಿಂದಲೇ ಗೋಡೆಯ ಹೊರಗಿನ ಲೋಹದ ಗಂಟೆಯೊಂದು ಬಾರಿಸತೊಡಗುತ್ತದೆ. ಕರೆಂಟ್ ಹೋಗಿದ್ದರೂ ಅದು ನಿಲ್ಲುವುದಿಲ್ಲ. ಮಲಗಿದವರನ್ನು ಎಬ್ಬಿಸಲು ಇದಕ್ಕಿಂತ ಸರಳವಾದ, ನಂಬಬಹುದಾದ ಉಪಾಯ ನನಗೆ ಗೊತ್ತಿಲ್ಲ.

ಬಲ್ಬಿನ ಆಯ್ಕೆಯಲ್ಲಿ ನಮ್ಮ ಬಿಸಿಲುಸೀಮೆಯವರು ಗಮನಿಸಲೇಬೇಕಾದ ಮಾತೊಂದಿದೆ. ಬಲ್ಬಿನೊಳಗಿನ ದ್ರವದ ಬಣ್ಣ ಅದು ಒಡೆಯುವ ಉಷ್ಣತೆಯನ್ನು ಸೂಚಿಸುತ್ತದೆ. ಕಿತ್ತಳೆ ಬಣ್ಣದ್ದು 57 ಡಿಗ್ರಿಗೆ, ಕೆಂಪು 68ಕ್ಕೆ, ಹಳದಿ 79ಕ್ಕೆ, ಹಸಿರು 93ಕ್ಕೆ, ನೀಲಿ 141 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಆ ಜಾಗದಲ್ಲಿ ವರ್ಷದಲ್ಲಿ ಬರಬಹುದಾದ ಗರಿಷ್ಠ ಉಷ್ಣತೆಗಿಂತ ಕನಿಷ್ಠ 30 ಡಿಗ್ರಿ ಹೆಚ್ಚಿನ ಬಲ್ಬನ್ನು ಹಾಕಬೇಕೆಂಬುದು ರೂಢಿಯಲ್ಲಿರುವ ನಿಯಮ. ಕಚೇರಿಗಳಲ್ಲಿ ಕಾಣುವ ಕೆಂಪು ಬಲ್ಬು ಅಲ್ಲಿಗೆ ಸರಿ. ಆದರೆ ಮೇ ತಿಂಗಳಲ್ಲಿ ಹೊರಗೇ 43-44 ಡಿಗ್ರಿ ಇರುವ ಊರಿನಲ್ಲಿ, ತಗಡಿನ ಛಾವಣಿಗೆ ಅಂಟಿದಂತಿರುವ ಬಿಸಿಗಾಳಿ ಅದಕ್ಕೂ ಎಷ್ಟೋ ಹೆಚ್ಚು ಕಾಯ್ದಿರುತ್ತದೆ. ಅಲ್ಲಿ 79ರದ್ದೋ 93ರದ್ದೋ ಎಂಬುದನ್ನು ಅಳೆದು ನೋಡಿ ತೀರ್ಮಾನಿಸಬೇಕು. ಬೇರೆ ಊರಿನ ನಕ್ಷೆಯನ್ನು ಹಾಗೆಯೇ ತಂದು ಹೊಂದಿಸುವ ಗುತ್ತಿಗೆದಾರನಿಗೆ ಕೆಲಸ ಕೊಟ್ಟರೆ ಇಂಥ ಸಣ್ಣ ವಿಷಯದಲ್ಲೇ ಎಡವಟ್ಟಾಗುತ್ತದೆ. ಕಡುಬೇಸಿಗೆಯ ಮಧ್ಯಾಹ್ನ ಬೆಂಕಿಯಿಲ್ಲದೆಯೇ ಒಂದು ಬಲ್ಬು ಒಡೆದು ಮಗ್ಗಕ್ಕೆ ನೂಲು ಸುತ್ತಿಟ್ಟ ಬೀಮ್ ತೊಯ್ದಿತೆಂದರೆ ಮಾಲೀಕರು ಆ ದಿನವೇ ವಾಲ್ವ್ ಮುಚ್ಚಿಸಿಬಿಡುತ್ತಾರೆ, ಮತ್ತೆ ಅದನ್ನು ತೆರೆಯುವವರಿಲ್ಲ.

ಇನ್ನು ನೀರಿನ ಮಾತು. ಕುಡಿಯುವ ನೀರಿಗೇ ದಿನಗಟ್ಟಲೆ ಕಾದು ರೂಢಿಯಾದ ನಗರದಲ್ಲಿ ಬೆಂಕಿಗಾಗಿ ಟ್ಯಾಂಕು ತುಂಬಿಡಿ ಎಂದರೆ ಯಾರಿಗಾದರೂ ಸಿಟ್ಟು ಬರುವುದು ಸಹಜ. ಆದರೂ ಲೆಕ್ಕ ಹಾಕಿ ನೋಡೋಣ. ಸಾಧಾರಣ ಅಪಾಯದ ಕಟ್ಟಡಗಳಲ್ಲಿ ಒಂದು ಸ್ಪ್ರಿಂಕ್ಲರ್ ಹೆಚ್ಚೆಂದರೆ 12 ಚದರ ಮೀಟರ್ ನೆಲವನ್ನು ಕಾಯುತ್ತದೆ, ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರಿನಂತೆ ನೀರು ಬೀಳಬೇಕೆಂದು ಹಿಡಿದರೆ ಒಂದು ಹೆಡ್ಡಿನಿಂದ ನಿಮಿಷಕ್ಕೆ 60 ಲೀಟರ್ ಬೇಕು. ನಾಲ್ಕು ಹೆಡ್ ತೆರೆದು ಅರ್ಧ ಗಂಟೆ ಸುರಿದರೂ ಖರ್ಚಾಗುವುದು 7,200 ಲೀಟರ್, ಅಂದರೆ ಒಂದು ದೊಡ್ಡ ಟ್ಯಾಂಕರಿನಷ್ಟೂ ಇಲ್ಲ. ಅದೇ ಬೆಂಕಿ ಬೆಳೆದು ಶೆಡ್ ಪೂರ್ತಿ ಹಿಡಿದ ಮೇಲೆ ಅಗ್ನಿಶಾಮಕ ದಳ ಸುರಿಯಬೇಕಾಗುವ ನೀರು ಇದರ ಎಷ್ಟೋ ಪಟ್ಟು, ಮತ್ತು ಆಗ ಉಳಿಸಲು ಒಳಗೆ ಏನೂ ಇರುವುದಿಲ್ಲ. ಒಂದು ಲೀಟರ್ ನೀರು ಪೂರ್ತಿ ಆವಿಯಾಗುವಾಗ ಸುಮಾರು 2,260 ಕಿಲೋಜೂಲ್ ಶಾಖವನ್ನು ಹೀರುತ್ತದೆ, ಸುಮಾರು 1,700 ಪಟ್ಟು ಹಿಗ್ಗಿ ಬೆಂಕಿಯ ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಇದರ ಪೂರ್ಣ ಫಲ ಸಿಗುವುದು ಬೆಂಕಿ ಚಿಕ್ಕದಿದ್ದಾಗ, ನೀರು ನೇರವಾಗಿ ಅದರ ಮೇಲೆ ಬಿದ್ದಾಗ. ನಿಯಮದ ಪ್ರಕಾರ ಕೂಡಿಡಬೇಕಾದ ನೀರು ನನ್ನ ಈ ಲೆಕ್ಕಕ್ಕಿಂತ ಬಹಳ ಹೆಚ್ಚು, ಏಕೆಂದರೆ ಹೆಚ್ಚು ಹೆಡ್ಡುಗಳು ತೆರೆಯುವ ಕೆಟ್ಟ ಸಂದರ್ಭಕ್ಕೂ ಸಿದ್ಧವಿರಬೇಕು. ಆದರೆ ಆ ನೀರು ದಿನವೂ ಖರ್ಚಾಗುವಂಥದ್ದಲ್ಲ. ಒಮ್ಮೆ ತುಂಬಿದರೆ ಆವಿಯಾಗಿ ಹೋದಷ್ಟನ್ನು, ಪರೀಕ್ಷೆಗೆ ಬಳಸಿದಷ್ಟನ್ನು ಮಾತ್ರ ಮತ್ತೆ ತುಂಬಿದರೆ ಸಾಕು. ಕುಡಿಯುವ ನೀರೇ ಆಗಬೇಕೆಂದೂ ಇಲ್ಲ. ಕಸಕಡ್ಡಿ, ಕೆಸರು ಇಲ್ಲದ ಬೋರ್‌ವೆಲ್ ನೀರು ನಡೆಯುತ್ತದೆ.

ಖರ್ಚು ಹೆಚ್ಚು ಬರುವುದು ಪೈಪಿಗಿಂತ ಟ್ಯಾಂಕಿಗೆ ಮತ್ತು ಪಂಪ್‌ಹೌಸಿಗೆ. ಒಂದು ವಿದ್ಯುತ್ ಪಂಪು, ಕರೆಂಟ್ ಹೋದಾಗ ತಾನೇ ಚಾಲೂ ಆಗುವ ಡೀಸೆಲ್ ಪಂಪು, ಪೈಪಿನ ಒತ್ತಡವನ್ನು ಕಾಯ್ದುಕೊಳ್ಳುವ ಸಣ್ಣ ಜಾಕಿ ಪಂಪು, ಇವೆಲ್ಲವನ್ನೂ ಇಪ್ಪತ್ತು ಮಗ್ಗದ ಮಾಲೀಕನೊಬ್ಬ ಒಂಟಿಯಾಗಿ ಹೊಂದಿಸಿಕೊಳ್ಳಬೇಕೆಂದರೆ ಅವನು ಕೈಯೆತ್ತುತ್ತಾನೆ, ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಆದ್ದರಿಂದಲೇ ಈ ಕೆಲಸ ಒಬ್ಬೊಬ್ಬ ಮಾಲೀಕನದಲ್ಲ, ಇಡೀ ಸಾಲಿನದು ಎಂದು ನಾನು ಒತ್ತಿ ಹೇಳುತ್ತೇನೆ. ಲ್ಯಾಂಕಷೈರ್‌ನವರು ಗೋಪುರದ ಮೇಲೆ ಟ್ಯಾಂಕು ಇಟ್ಟದ್ದು ಶೋಭೆಗಲ್ಲ. 10 ಮೀಟರ್ ಎತ್ತರದ ನೀರಿನ ಕಂಬ ಹೆಚ್ಚುಕಡಿಮೆ 1 ಬಾರ್ ಒತ್ತಡ ಕೊಡುತ್ತದೆ. ಸಾಮಾನ್ಯವಾಗಿ ಬಳಸುವ 15 ಮಿಲಿಮೀಟರ್ ಸ್ಪ್ರಿಂಕ್ಲರಿನ ಬಾಯಲ್ಲಿ ಅರ್ಧ ಬಾರ್‌ಗಿಂತ ತುಸು ಹೆಚ್ಚು ಒತ್ತಡ ಉಳಿದರೂ ನಿಮಿಷಕ್ಕೆ ಆ 60 ಲೀಟರ್ ನೀರು ಬರುತ್ತದೆ. ಪೈಪಿನ ಉದ್ದ, ತಿರುವು, ಘರ್ಷಣೆಗಳಲ್ಲಿ ಸೋರುವ ಒತ್ತಡವನ್ನು ಕಳೆದು, ಶೆಡ್ಡುಗಳ ಒಂದು ಸಾಲಿಗೆ ಒಂದು ಎತ್ತರದ ಟ್ಯಾಂಕನ್ನು ಬೆಂಕಿಗೆಂದೇ ಮೀಸಲಿಟ್ಟು ಎಂಐಡಿಸಿಯೇ ಕಟ್ಟಿಸಿ, ಅಲ್ಲಿಂದ ದಪ್ಪ ಪೈಪನ್ನು ಪ್ರತಿ ಶೆಡ್ಡಿನ ಬಾಗಿಲವರೆಗೆ ತಂದುಕೊಟ್ಟರೆ, ಒಳಗಿನ ಪೈಪು ಮತ್ತು ಹೆಡ್ಡುಗಳ ಖರ್ಚನ್ನು ಮಾತ್ರ ಮಾಲೀಕರು ಹೊರಬಹುದು. ರಸ್ತೆ, ಚರಂಡಿ, ವಿದ್ಯುತ್ ಕಂಬಗಳನ್ನು ಕೈಗಾರಿಕಾ ಪ್ರದೇಶದ ಮೂಲಸೌಕರ್ಯ ಎಂದು ಲೆಕ್ಕ ಹಿಡಿಯುವ ಸರ್ಕಾರ ಬೆಂಕಿಯ ನೀರನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕೆಂಬುದು ನನ್ನ ಮುಖ್ಯ ಬೇಡಿಕೆ. ಗಡಿಯ ಆಚೆಗಿನ ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡದ ನೇಕಾರರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿಯೂ ಮನೆಯೇ ಮಗ್ಗ, ಮಗ್ಗವೇ ಮನೆ.

ನೀರು ಎಲ್ಲ ಬೆಂಕಿಗೂ ಮದ್ದಲ್ಲ. ವಿದ್ಯುತ್ ಪ್ಯಾನೆಲ್ಲಿನ ಒಳಗಿನ ಬೆಂಕಿಗೆ ಇಂಗಾಲದ ಡೈಆಕ್ಸೈಡ್ ಅಥವಾ ಬೇರೆ ಶುದ್ಧ ಅನಿಲದ ವ್ಯವಸ್ಥೆ ಬೇಕು. ಸಣ್ಣ ಪ್ಯಾನೆಲ್ಲುಗಳಿಗೆ ಒಂದು ಪ್ಲಾಸ್ಟಿಕ್ ನಳಿಕೆಯನ್ನು ಒಳಗೆಲ್ಲ ಹಾಯಿಸಿ ಸಿಲಿಂಡರಿಗೆ ಜೋಡಿಸುವ ಪದ್ಧತಿ ಇದೆ. ಬಿಸಿ ತಾಗಿದ ಜಾಗದಲ್ಲೇ ನಳಿಕೆ ಒಡೆದು ಅನಿಲ ಅಲ್ಲಿಯೇ ನುಗ್ಗುತ್ತದೆ. ಸಣ್ಣ ಮಾಲೀಕರ ಕೈಗೆಟಕುವ ಈ ಉಪಾಯವನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ, ಏಕೆಂದರೆ ಎಷ್ಟೋ ಬೆಂಕಿಗಳು ಪ್ಯಾನೆಲ್ ಪೆಟ್ಟಿಗೆಯಲ್ಲೇ ಹುಟ್ಟುತ್ತವೆ. ಬಣ್ಣಗಾರಿಕೆ ಮತ್ತು ಸೈಜಿಂಗ್ (ನೂಲಿಗೆ ಗಂಜಿ ಹಾಕುವ) ಘಟಕಗಳ ಬಿಸಿ ಎಣ್ಣೆಯ ಹೀಟರುಗಳಿಗೆ, ಡೀಸೆಲ್ ಸಂಗ್ರಹಕ್ಕೆ ಫೋಮ್ ಬೇಕು. 10 ಎಂವಿಎ (ಮೆಗಾವೋಲ್ಟ್ ಆಂಪಿಯರ್) ಅಥವಾ ಅದಕ್ಕೂ ಹೆಚ್ಚು ಸಾಮರ್ಥ್ಯದ, ಇಲ್ಲವೇ 2,000 ಲೀಟರಿಗಿಂತ ಹೆಚ್ಚು ಎಣ್ಣೆ ಇರುವ ಟ್ರಾನ್ಸ್‌ಫಾರ್ಮರುಗಳಿಗೆ ಸ್ಥಿರ ವ್ಯವಸ್ಥೆ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳೇ ಹೇಳಿವೆ. ನಮ್ಮ ಶೆಡ್ಡುಗಳ ಟ್ರಾನ್ಸ್‌ಫಾರ್ಮರುಗಳು ಅಷ್ಟು ದೊಡ್ಡವಲ್ಲ. ಹಾಗೆಂದು ಅವುಗಳನ್ನು ಜನ ಇರುವ ಕಟ್ಟಡದ ಬುಡಕ್ಕೆ ತಂದಿಡಬಾರದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನರ ಸಾವಿಗೆ ಮೂಲವಾದ ಬೆಂಕಿ ಹೊತ್ತಿದ್ದು ಕಟ್ಟಡದ ನೆಲ ಅಂತಸ್ತಿನ ಟ್ರಾನ್ಸ್‌ಫಾರ್ಮರಿನಲ್ಲಿ.

ಅನಿಲದ ವ್ಯವಸ್ಥೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಇಂಗಾಲದ ಡೈಆಕ್ಸೈಡ್ ತುಂಬಿ ಒಂದು ಕೋಣೆಯ ಬೆಂಕಿಯನ್ನು ಆರಿಸಬೇಕಾದರೆ ಆ ಕೋಣೆಯ ಗಾಳಿಯಲ್ಲಿ ಅದರ ಪ್ರಮಾಣ ಕನಿಷ್ಠ ಶೇ 34ರಷ್ಟಾಗಬೇಕು. ಮನುಷ್ಯನಾದರೋ ಶೇ 10 ಮೀರಿದೊಡನೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಆದ್ದರಿಂದ ಅನಿಲ ಬಿಡುವ ಮೊದಲು ಎಚ್ಚರಿಕೆಯ ಸೈರನ್, ಒಳಗಿದ್ದವರು ಹೊರಬರಲು ಕೆಲವು ಕ್ಷಣಗಳ ಅವಕಾಶ, ಒಳಗೆ ರಿಪೇರಿ ನಡೆಯುತ್ತಿರುವಾಗ ವ್ಯವಸ್ಥೆಯನ್ನು ತಡೆಹಿಡಿಯುವ ಬೀಗ, ಇವಿಲ್ಲದ ಕೋಣೆಗೆ ಅದನ್ನು ಜೋಡಿಸುವುದು ಅಪರಾಧಕ್ಕೆ ಸಮ. ಹತ್ತಿಯ ಬೇಲುಗಳ (ಒತ್ತಿ ಕಟ್ಟಿದ ಮೂಟೆಗಳ) ಗೋದಾಮಿಗಂತೂ ಅನಿಲವೊಂದೇ ಸಾಲದು. ಬೇಲಿನ ಹೊಟ್ಟೆಯೊಳಗೆ ಕೆಂಡ ಕುಮುಲುತ್ತಲೇ ಇರುತ್ತದೆ, ಅನಿಲ ತೆಳುವಾದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಅಲ್ಲಿ ನೀರೇ ಬೇಕು. ನೀರು ಬಿದ್ದ ಮೇಲೂ ಬೇಲುಗಳನ್ನು ಹೊರಗೆ ಬಯಲಿಗೆ ಎಳೆದು, ಬಿಚ್ಚಿ, ತೋಯಿಸಿ ನೋಡಬೇಕು.

ಕಾನೂನಿನ ಕೊರತೆ ನಮಗಿಲ್ಲ. 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ ನಾಲ್ಕನೆಯ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಯ ಕುರಿತದ್ದು. ಸ್ಪ್ರಿಂಕ್ಲರ್ ವಿನ್ಯಾಸಕ್ಕೆ ಐಎಸ್ 15105 ಎಂಬ ಭಾರತೀಯ ಮಾನಕ ಇದೆ. ಮಹಾರಾಷ್ಟ್ರದ 2006ರ ಅಗ್ನಿ ಪ್ರತಿಬಂಧಕ ಹಾಗೂ ಜೀವ ಸುರಕ್ಷಾ ಕಾಯ್ದೆಯ ಪ್ರಕಾರ ಕಟ್ಟಡದ ಮಾಲೀಕರು ಅಥವಾ ಅದನ್ನು ಬಳಸುತ್ತಿರುವವರು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ತಿಂಗಳಲ್ಲಿ, ಅಗ್ನಿರಕ್ಷಣೆಯ ಸಾಧನಗಳು ಸುಸ್ಥಿತಿಯಲ್ಲಿವೆ ಎಂದು ಪರವಾನಗಿ ಪಡೆದ ಸಂಸ್ಥೆಯಿಂದ ನಮೂನೆ ‘ಬಿ’ ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ಪ್ರಮಾಣಪತ್ರವೆಂಬುದು ಕಾಗದ. ಪೈಪಿನ ತುದಿಯಲ್ಲಿ ನೀರು ಬರುತ್ತದೆಯೋ ಇಲ್ಲವೋ ಎಂಬುದು ಕಾಗದದಿಂದ ತಿಳಿಯುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಗಿರಣಿಯಲ್ಲಿ, ಅದರ ಹೆಸರು ಇಲ್ಲಿ ಬೇಡ, ಸ್ಪ್ರಿಂಕ್ಲರ್ ವ್ಯವಸ್ಥೆ ಪೂರ್ಣವಾಗಿತ್ತು. ನೆಲದಡಿಯ ಪೈಪಿನಲ್ಲಿ ಎಲ್ಲೋ ಸಣ್ಣ ಸೋರಿಕೆ ಇದ್ದುದರಿಂದ ಜಾಕಿ ಪಂಪು ರಾತ್ರಿಯಿಡೀ ಶುರುವಾಗುವುದು, ನಿಲ್ಲುವುದು ನಡೆದಿತ್ತು. ಸೋರಿಕೆಯನ್ನು ಹುಡುಕಿ ಸರಿಪಡಿಸುವ ಬದಲು ಮೇಲಿನವರು ಪಂಪಿನ ಸ್ವಿಚ್ಚನ್ನು ‘ಆಟೋ’ದಿಂದ ‘ಮ್ಯಾನ್ಯುವಲ್’ಗೆ ತಿರುಗಿಸಿ ಇಡಿಸಿದರು. ಮುಖ್ಯ ಪಂಪು ಕೂಡ ಅದೇ ಸ್ಥಿತಿಯಲ್ಲಿ ಉಳಿಯಿತು. ವಿಮಾ ಕಂಪನಿಯ ಸರ್ವೇಯರ್ ಬಂದು ಪರೀಕ್ಷಾ ವಾಲ್ವ್ ತೆರೆದಾಗ ಮೊದಲು ಸ್ವಲ್ಪ ನೀರು ಬಂದು, ನಂತರ ಗಾಳಿಯ ಸುಯಿಲು ಮಾತ್ರ ಕೇಳಿತು. ಆ ನಡುವಿನ ಅವಧಿಯಲ್ಲಿ ಬೆಂಕಿ ಬೀಳದಿದ್ದುದು ನಮ್ಮೆಲ್ಲರ ಪುಣ್ಯ. ಬೇರೆ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ: ಸ್ಪ್ರಿಂಕ್ಲರ್ ವಿಫಲವಾದ ಪ್ರಕರಣಗಳಲ್ಲಿ ಬಹುಪಾಲು, ಯಾರೋ ವಾಲ್ವನ್ನೋ ಪಂಪನ್ನೋ ಮುಚ್ಚಿ ಇಟ್ಟಿದ್ದರಿಂದ ಆದವು. ಯಂತ್ರ ಕೈಕೊಟ್ಟದ್ದು ಕಡಿಮೆ.

ಬಟ್ಟೆಯ ಗಿರಣಿಗಳಲ್ಲಿ ಇನ್ನೂ ಕೆಲವು ತೊಂದರೆಗಳಿವೆ. ಹತ್ತಿಯ ಧೂಳು ಸ್ಪ್ರಿಂಕ್ಲರ್ ಹೆಡ್ಡಿನ ಮೇಲೆ ಉಣ್ಣೆಯ ಟೊಪ್ಪಿಗೆಯಂತೆ ಕೂತರೆ ಬಿಸಿ ಬಲ್ಬಿಗೆ ತಡವಾಗಿ ತಟ್ಟುತ್ತದೆ, ಆದ್ದರಿಂದ ಅದನ್ನು ನಿಯಮಿತವಾಗಿ ಮೆಲ್ಲಗೆ ಊದಿ ತೆಗೆಯಬೇಕು. ಛಾವಣಿಗೆ ಬಣ್ಣ ಹೊಡೆಯುವವರು ಹೆಡ್ಡಿಗೂ ಬಣ್ಣ ಬಳಿದುಬಿಡುತ್ತಾರೆ; ಹಾಗೆ ಬಣ್ಣ ತಾಗಿದ ಹೆಡ್ಡನ್ನು ತಿಕ್ಕಿ ಸ್ವಚ್ಛ ಮಾಡುವಂತಿಲ್ಲ, ಬದಲಿಸಲೇಬೇಕು. ಹಬ್ಬದ ಮುಂಚಿನ ಅವಸರದಲ್ಲಿ ಟವೆಲಿನ ಗಂಟುಗಳನ್ನು ಛಾವಣಿ ಮುಟ್ಟುವವರೆಗೆ ಒಟ್ಟುತ್ತಾರೆ. ಹೆಡ್ಡಿನ ಕೆಳಗೆ ಕನಿಷ್ಠ ಅರ್ಧ ಮೀಟರ್ ಜಾಗ ಖಾಲಿ ಇರದಿದ್ದರೆ ನೀರು ಹರಡುವುದಿಲ್ಲ, ರಾಶಿಯ ನೆತ್ತಿಯನ್ನಷ್ಟೇ ತೋಯಿಸಿ ಇಳಿದುಹೋಗುತ್ತದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಒಬ್ಬ ಜವಾಬ್ದಾರಿಯುತ ಫಿಟ್ಟರ್, ಒಂದು ನೋಂದಣಿ ಪುಸ್ತಕ, ಮತ್ತು ಅವನ ಮಾತಿಗೆ ಬೆಲೆ ಕೊಡುವ ಮಾಲೀಕ ಇದ್ದರೆ ಆಗುತ್ತದೆ.

ಸ್ಪ್ರಿಂಕ್ಲರ್ ಹಾಕಿದ ಮಾತ್ರಕ್ಕೆ ಕೆಳಗೆ ಮಗ್ಗ, ಮೇಲೆ ಮನೆ ಎಂಬ ಪದ್ಧತಿ ನಿರಪಾಯವಾಗುತ್ತದೆ ಎಂದು ನಾನು ವಾದಿಸುತ್ತಿಲ್ಲ. 2019ರ ಡಿಸೆಂಬರ್ 8ರ ಬೆಳಗಿನ ಜಾವ ದೆಹಲಿಯ ಅನಾಜ್ ಮಂಡಿಯ ಕಟ್ಟಡವೊಂದರಲ್ಲಿ, ಕೆಲಸ ಮಾಡುತ್ತಿದ್ದ ಜಾಗದಲ್ಲೇ ಮಲಗಿದ್ದ 43 ಜನ ಸತ್ತರು. 2021ರ ಜನವರಿ 9ರಂದು ನಮ್ಮದೇ ರಾಜ್ಯದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ಘಟಕದಲ್ಲಿ 10 ಕೂಸುಗಳು ಬೆಂಕಿ, ಹೊಗೆಗೆ ಬಲಿಯಾದವು. ನಿದ್ರಿಸುವವರು, ಎದ್ದು ಓಡಲಾಗದವರು ಇರುವಲ್ಲಿ ಬೆಂಕಿಯನ್ನು ತಾನೇ ಗುರುತಿಸಿ ತಾನೇ ಹಿಡಿದಿಡುವ ವ್ಯವಸ್ಥೆ ಬೇಕೇ ಬೇಕು ಎಂಬುದಕ್ಕೆ ಇನ್ನೆಷ್ಟು ನಿದರ್ಶನ ಬೇಕು? ಅದರ ಜೊತೆಗೆ ವಾಸದ ಅಂತಸ್ತಿಗೆ ಮಗ್ಗದ ಶೆಡ್ಡಿನೊಳಗಿಂದಲ್ಲದೆ ಹೊರಗಿನಿಂದ ಇಳಿಯುವ ಮೆಟ್ಟಿಲು, ಎರಡು ಅಂತಸ್ತಿನ ನಡುವೆ ಹೊಗೆ ಏರದಂತೆ ಮುಚ್ಚಿದ ತಾರಸಿ, ಒಳಗಿನಿಂದ ತೆರೆಯಬಹುದಾದ ಕಿಟಕಿ ಸರಳು, ಮಲಗುವ ಕೋಣೆಯಲ್ಲಿ ಹೊಗೆ ಗುರುತಿಸುವ ಅಲಾರಂ, ಇಷ್ಟಾದರೂ ಇರಬೇಕು. ಕೊನೆಯದಕ್ಕೆ ತಗಲುವ ಖರ್ಚು ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ. ಮಾಲೀಕರು ನಾಳೆಯೇ ಅದನ್ನು ಹಾಕಿಸಬಹುದು, ಯಾವ ಸರ್ಕಾರಿ ಯೋಜನೆಗೂ ಕಾಯಬೇಕಿಲ್ಲ.

ಭಾಷೆಯ ಒಂದು ಮಾತನ್ನೂ ಸೇರಿಸುತ್ತೇನೆ. ಈ ಕಾರಖಾನೆಗಳಲ್ಲಿ ಕನ್ನಡ, ತೆಲುಗು, ಮರಾಠಿ, ಹಿಂದಿ ಆಡುವವರು ಒಟ್ಟಿಗೆ ದುಡಿಯುತ್ತಾರೆ. ಪಂಪ್‌ಹೌಸಿನ ಗೋಡೆಯ ಮೇಲೆ, ವಾಲ್ವಿನ ಪಕ್ಕದಲ್ಲಿ, ಅನಿಲದ ಕೋಣೆಯ ಬಾಗಿಲಲ್ಲಿ ಇರುವ ಸೂಚನೆಗಳು ಮಾತ್ರ ಇಂಗ್ಲಿಷಿನಲ್ಲಿ ಇರುತ್ತವೆ, ಕೆಲವೆಡೆ ಮರಾಠಿಯಲ್ಲಿ. ಅಕ್ಕಲಕೋಟದ ಹಳ್ಳಿಯಿಂದ ರಾತ್ರಿ ಪಾಳಿಗೆ ಬರುವ, ಕನ್ನಡ ಶಾಲೆಯಲ್ಲಿ ಓದಿದ ಕಾರ್ಮಿಕನಿಗೆ ‘ಸೈರನ್ ಕೂಗಿದರೆ ಕೂಡಲೇ ಹೊರಗೆ ಬನ್ನಿ, ಬಾಗಿಲು ಮುಚ್ಚಿ’ ಎಂಬ ಒಂದು ಸಾಲು ಅವನಿಗೆ ತಿಳಿಯುವ ಅಕ್ಷರದಲ್ಲಿ ಬೇಕು. ಇದನ್ನು ಭಾಷೆಯ ಜಗಳವಾಗಿ ಯಾರೂ ಕಾಣಬಾರದು. ಜೀವ ಉಳಿಸುವ ಸೂಚನೆಯನ್ನು ಆ ಜಾಗದಲ್ಲಿ ದುಡಿಯುವವರೆಲ್ಲರ ಭಾಷೆಯಲ್ಲಿ ಬರೆಸುವುದು ಮಾಲೀಕರ ಕರ್ತವ್ಯ. ವರ್ಷಕ್ಕೊಮ್ಮೆ ನಡೆಸುವ ಅಣಕು ಕವಾಯತನ್ನು ಹಗಲು ಹೊತ್ತು ಅಧಿಕಾರಿಗಳ ಮುಂದೆ ಮಾಡಿ ಮುಗಿಸದೆ ರಾತ್ರಿ ಪಾಳಿಯಲ್ಲಿಯೂ ಒಮ್ಮೆ ಮಾಡಬೇಕು.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆಗಳು ಹೀಗಿವೆ. ಎಂಐಡಿಸಿ ಮತ್ತು ಮಹಾನಗರಪಾಲಿಕೆ ಸೇರಿ ಅಕ್ಕಲಕೋಟ ರಸ್ತೆಯ ಶೆಡ್ಡುಗಳ ಸಮೀಕ್ಷೆ ನಡೆಸಿ, ಎಲ್ಲೆಲ್ಲಿ ಜನ ವಾಸವಿದ್ದಾರೆ ಎಂಬುದನ್ನು ಮೊದಲು ಗುರುತಿಸಲಿ, ಸಾಮೂಹಿಕ ಟ್ಯಾಂಕು ಮತ್ತು ಪೈಪಿನ ಕೆಲಸವನ್ನು ಅಂಥ ಸಾಲಿನಿಂದಲೇ ಆರಂಭಿಸಲಿ. ವಿಮಾ ಕಂಪನಿಗಳು ಸ್ಪ್ರಿಂಕ್ಲರ್ ಇರುವ ಶೆಡ್ಡಿಗೆ ಕಂತಿನಲ್ಲಿ ಕಣ್ಣಿಗೆ ಕಾಣುವಷ್ಟು ರಿಯಾಯಿತಿ ಕೊಡಲಿ. ಸಹಕಾರಿ ಬ್ಯಾಂಕುಗಳು ಹೊಸ ಮಗ್ಗಕ್ಕೆ ಸಾಲ ಕೊಡುವಾಗ ಬೆಂಕಿಯ ವ್ಯವಸ್ಥೆಯ ಖರ್ಚನ್ನೂ ಅದೇ ಸಾಲದಲ್ಲಿ ಸೇರಿಸಿಕೊಳ್ಳಲಿ. ನಮೂನೆ ‘ಬಿ’ ಕೊಡುವ ಪರವಾನಗಿದಾರರು ನೀರು ಹರಿಸಿ ನೋಡಿದ ದಿನಾಂಕ, ಆಗಿನ ಒತ್ತಡ ಮತ್ತು ಪಂಪಿನ ಸ್ವಿಚ್ಚಿನ ಸ್ಥಿತಿಯನ್ನು ಕಡ್ಡಾಯವಾಗಿ ನಮೂದಿಸಬೇಕೆಂದು ಅಗ್ನಿಶಾಮಕ ಇಲಾಖೆ ಸೂಚಿಸಲಿ, ಅಲ್ಲಲ್ಲಿ ಮುನ್ಸೂಚನೆಯಿಲ್ಲದೆ ಹೋಗಿ ಪರೀಕ್ಷಿಸಲಿ.

ಈಗಾಗಲೇ ಸ್ಪ್ರಿಂಕ್ಲರ್ ಇರುವ ಗಿರಣಿಗಳ ಮಾಲೀಕರಲ್ಲಿ ಮಾತ್ರ ಒಂದು ಬೇರೆ ವಿನಂತಿ. ಪಂಪ್‌ಹೌಸಿನಿಂದ ಅತ್ಯಂತ ದೂರದ ಪೈಪಿನ ತುದಿಯಲ್ಲಿ ಒಂದು ಪರೀಕ್ಷಾ ವಾಲ್ವ್ ಇರುತ್ತದೆ. ಒಂದು ಹೆಡ್ ತೆರೆದರೆ ಎಷ್ಟು ನೀರು ಬರುತ್ತದೆಯೋ ಅಷ್ಟನ್ನೇ ಅದು ಬಿಡುತ್ತದೆ. ಈ ವಾರ ತಮ್ಮ ಫಿಟ್ಟರನ್ನು ಕರೆದುಕೊಂಡು ಹೋಗಿ, ಪಂಪನ್ನು ಯಾರೂ ಮುಟ್ಟದಂತೆ ನೋಡಿಕೊಂಡು, ಆ ವಾಲ್ವನ್ನು ತೆರೆಸಿರಿ. ಗಂಟೆ ಬಾರಿಸಬೇಕು, ಪಂಪು ತಾನಾಗಿಯೇ ಶುರುವಾಗಬೇಕು, ನೀರು ಒಂದೇ ಸಮನೆ ಬರುತ್ತಿರಬೇಕು. ಇವುಗಳಲ್ಲಿ ಒಂದು ಆಗದಿದ್ದರೂ ಆ ರಾತ್ರಿಯ ಪಾಳಿಗೆ ಮುನ್ನ ಅದನ್ನು ಸರಿಪಡಿಸಿ, ಅಲ್ಲಿಯವರೆಗೆ ಶೆಡ್ಡಿನಲ್ಲಿ ಬೆಂಕಿಯ ಕಾವಲಿಗೆಂದೇ ಒಬ್ಬರನ್ನು ನೇಮಿಸಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಿರಣಿ ನೌಕರ,
ಅಕ್ಕಲಕೋಟ ತಾಲೂಕು, ಸೊಲ್ಲಾಪುರ ಜಿಲ್ಲೆ